ಎಕ್ಕದ ಗಿಡದ ಮೇಲೆ ಒಂದು ತಿಂಗಳು

"ತಮ್ಮಾ, ಏನ್ ನೋಡ್ಲತ್ತಿ? ದೂರ ನಿಂದ್ರು. ಎಕ್ಕಿ ಹಾಲು ಕಣ್ಣಾಗ ಬಿದ್ರ ಕಣ್ಣೇ ಹೋಗ್ತಾವ."

ಸಾಯಗಾಂವದ ಹೊರಗೆ, ಹೊಲದ ದಾರಿಯ ಬದುವಿನ ಮೇಲೆ ಮೊಣಕಾಲೂರಿ ಕೂತಿದ್ದ ನನಗೆ ಬಂದ ಎಚ್ಚರಿಕೆ ಅದು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಆಯಿ, ಅವರ ಹಿಂದೆ ಎರಡು ಆಡು. "ಹುಳಾ ನೋಡ್ಲತ್ತೀನಿ ಆಯಿ" ಎಂದೆ. "ಆಡನೂ ಮುಟ್ಟಲ್ಲ ಅದಕ್ಕ. ಅದ್ರಾಗ ಎಂಥಾ ಹುಳಾ?" ಎಂದರು. ಒಂದು ಎಲೆಯನ್ನು ಮೆಲ್ಲಗೆ ಮಗುಚಿ ತೋರಿಸಿದೆ. ಕಿರುಬೆರಳಿನಷ್ಟು ಉದ್ದದ ಹುಳ. ಬಿಳಿ, ಕಪ್ಪು, ಹಳದಿ ಪಟ್ಟೆಗಳು ಒಂದರ ಪಕ್ಕ ಒಂದು. ಬೆನ್ನ ಮೇಲೆ ಮೂರು ಜೊತೆ ಕರಿ ಕೋಡು. ಆಯಿ ಬಗ್ಗಿ ನೋಡಿದರು. "ಹೌದಲ್ಲೋ! ಮೈತುಂಬ ಬಳಿ ತೊಟ್ಟಾಂಗ ಅದ."

ಆ ಹುಳದ ಬಗ್ಗೆ ಓದಿದ ಪುಸ್ತಕಗಳಲ್ಲಿ ಇದಕ್ಕಿಂತ ಒಳ್ಳೆಯ ವರ್ಣನೆ ನನಗೆ ಸಿಕ್ಕಿಲ್ಲ.

ಬಳೆ ತೊಟ್ಟ ಆ ಹುಳ ಮುಂದೆ ಕೇಸರಿ ಬಣ್ಣದ ಪಾತರಗಿತ್ತಿ ಆಗುತ್ತದೆ. ರೆಕ್ಕೆ ಬಿಚ್ಚಿದರೆ ಏಳೆಂಟು ಸೆಂಟಿಮೀಟರ್ ಅಗಲ. ಮುಂದಿನ ರೆಕ್ಕೆಯ ತುದಿ ಕಪ್ಪು, ಅದರೊಳಗೆ ಬಿಳಿ ಚುಕ್ಕಿಗಳ ಓರೆ ಸಾಲು, ಸುತ್ತ ಕಪ್ಪು ಅಂಚು. ಇಂಗ್ಲಿಷಿನಲ್ಲಿ ಇದರ ಹೆಸರು ಪ್ಲೇನ್ ಟೈಗರ್, ವಿಜ್ಞಾನದಲ್ಲಿ ಡ್ಯಾನಾಸ್ ಕ್ರೈಸಿಪಸ್. 1758ರಲ್ಲಿ ಕಾರ್ಲ್ ಲಿನೇಯಸ್ ತನ್ನ ಹೆಸರುವಾಸಿ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಇದಕ್ಕೆ ಹೆಸರಿಟ್ಟ. ನಾನು ಇದನ್ನು ಎಕ್ಕದ ಪಾತರಗಿತ್ತಿ ಎಂದೇ ಕರೆಯುತ್ತೇನೆ. ಆಫ್ರಿಕಾದಿಂದ ಏಷ್ಯಾದವರೆಗೆ ಹಬ್ಬಿರುವ, ನಮ್ಮ ಬೀದರ್ ಸೀಮೆಯ ಬಯಲಿನಲ್ಲಿ ವರ್ಷದ ಬಹುತೇಕ ದಿನ ಕಾಣುವ ಚಿಟ್ಟೆ. ನಮ್ಮ ರಾಜ್ಯ ಚಿಟ್ಟೆ ಎನಿಸಿಕೊಂಡ ಸದರ್ನ್ ಬರ್ಡ್‌ವಿಂಗ್ ಪಶ್ಚಿಮಘಟ್ಟದ ಮಳೆಕಾಡಿನದು. ಅದನ್ನು ನೋಡಲು ಭಾಲ್ಕಿಯ ಹುಡುಗರು ರಾಜ್ಯದ ಇನ್ನೊಂದು ಮಗ್ಗುಲಿಗೆ ಹೋಗಬೇಕು. ಇದಕ್ಕೆ ಶಾಲೆಯ ಹಿಂದಿನ ಬಯಲು ಸಾಕು.

ಸಾಯಗಾಂವ ಭಾಲ್ಕಿ ತಾಲ್ಲೂಕಿನ ಹೋಬಳಿ, ಮಹಾರಾಷ್ಟ್ರದ ಗಡಿಗೆ ಹೊಂದಿದ ಮಾಂಜ್ರಾ ನದಿಯ ಸೀಮೆ. ಇಲ್ಲಿ ಕಾಡಿಲ್ಲ. ಎರೆ ಹೊಲ, ಬದು, ಹಳ್ಳದ ದಂಡೆ, ಎತ್ತರದಲ್ಲಿ ಕಲ್ಲು ಮುರುಮಿನ ಬರಡು, ನಡುವೆ ಊರ ದನಕ್ಕೆಂದು ಬಿಟ್ಟ ಗಾಯರಾಣ. ಹಳೆ ಮೈಸೂರಿನವರು ಗೋಮಾಳ ಎನ್ನುವುದನ್ನೇ ನಮ್ಮ ಕಡೆ ಗಾಯರಾಣ ಎನ್ನುತ್ತಾರೆ. ಕರಿಕಿ, ಧೋತರದ ಅಂಚಿಗೆ ಚುಚ್ಚಿಕೊಳ್ಳುವ ಸೂಜಿ ಹುಲ್ಲು, ಅಲ್ಲಲ್ಲಿ ಬಾರಿ ಗಿಡ, ಎಕ್ಕದ ಗಿಡ. ಕಣ್ಣಿಗೆ ತಡೆಯೇ ಇಲ್ಲದ ಈ ಬಯಲೇ ಈ ಚಿಟ್ಟೆಯ ಮನೆ. ದಟ್ಟ ನೆರಳಿನ ಕಾಡು ಅದಕ್ಕೆ ಒಗ್ಗದು.

ಎಕ್ಕವನ್ನು ನಾವು ಯಾರೂ ನೆಡುವುದಿಲ್ಲ, ಆದರೂ ಅದು ನಮ್ಮ ಬದುಕಿನ ಒಳಗೇ ಇದೆ. ಶನಿವಾರ ಹನುಮಪ್ಪನ ಕೊರಳಿಗೆ ಎಕ್ಕದ ಎಲೆಯ ಹಾರ ಬೀಳುತ್ತದೆ. ರಥಸಪ್ತಮಿಯ ಬೆಳಗಿನ ಸ್ನಾನಕ್ಕೆ ಏಳು ಎಕ್ಕದ ಎಲೆ ಬೇಕು. ಕಾಲಿಗೆ ಮುಳ್ಳು ಮುರಿದರೆ ಅದರ ಹಾಲು ಹಚ್ಚುತ್ತಾರೆ. ಏಪ್ರಿಲ್-ಮೇ ತಿಂಗಳ ಉರಿಯಲ್ಲಿ ಗಾಯರಾಣವೆಲ್ಲ ಒಣಗಿ ಕಂದಿದಾಗಲೂ ಹಸಿರಾಗಿ ನಿಲ್ಲುವ ಗಿಡ ಇದು. ಎಲೆಯ ಮೇಲಿನ ಮೇಣದಂಥ ಬೂದಿ ಲೇಪ ನೀರಿನ ಪಸೆಯನ್ನು ಹಿಡಿದಿಡುತ್ತದೆ, ಬೇರು ಆಳಕ್ಕಿಳಿಯುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಎಕ್ಕ ಸೋಲುವುದಿಲ್ಲ. ಎಕ್ಕದ ಕುಲಕ್ಕೇ ಸೇರಿದ ಇನ್ನೊಂದು ಬಳ್ಳಿಗೆ ನಮ್ಮ ಹಿರಿಯರು ಆಡುಮುಟ್ಟದ ಬಳ್ಳಿ ಎಂದೇ ಹೆಸರಿಟ್ಟಿದ್ದಾರೆ. ಇಡೀ ಕುಲಕ್ಕೆ ಇರುವ ರಕ್ಷಣೆ ಅದರ ಹಾಲು. ಆ ಹಾಲಿನಲ್ಲಿ ಕಾರ್ಡಿನೊಲೈಡ್ ಎಂಬ ವಿಷಗಳಿವೆ. ಹೃದಯರೋಗಕ್ಕೆ ವೈದ್ಯರು ಅಳೆದು ತೂಗಿ ಕೊಡುವ ಡಿಜಾಕ್ಸಿನ್ ಗುಳಿಗೆಯೂ ಇದೇ ಬಗೆಯ ರಸಾಯನ. ಅಳತೆ ಮೀರಿದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಕಣ್ಣಿನ ಬಗ್ಗೆ ಆಯಿ ಹೇಳಿದ್ದೂ ಸುಳ್ಳಲ್ಲ. ಎಕ್ಕದ ಹಾಲು ಸಿಡಿದು ಕಣ್ಣಿನ ಪಾರದರ್ಶಕ ಪಟಲ ಬಾತು ಆಸ್ಪತ್ರೆ ಸೇರಿದವರಿದ್ದಾರೆ. ಹುಳ ನೋಡಲು ಹೋಗುವವರು ಎಲೆ ಹರಿಯಬಾರದು, ಕೈ ತೊಳೆಯದೆ ಕಣ್ಣು ಉಜ್ಜಬಾರದು.

ಇಷ್ಟೆಲ್ಲ ವಿಷವಿರುವ ಗಿಡವನ್ನೇ ಹುಡುಕಿಕೊಂಡು ಹೆಣ್ಣು ಚಿಟ್ಟೆ ಬರುತ್ತದೆ. ಅದು ಗಿಡವನ್ನು ಗುರುತಿಸುವ ಬಗೆಯನ್ನು ಒಮ್ಮೆ ಕೂತು ನೋಡಬೇಕು. ಬಯಲಿನ ಮೇಲೆ ಆತುರವಿಲ್ಲದೆ ತಗ್ಗಿ ಹಾರುತ್ತ ಒಂದೊಂದು ಗಿಡದ ಮೇಲೂ ಕ್ಷಣ ಹೊತ್ತು ಇಳಿಯುತ್ತದೆ, ಏಳುತ್ತದೆ. ಈ ಚಿಟ್ಟೆಯ ಕುಟುಂಬದಲ್ಲಿ ಮುಂದಿನ ಎರಡು ಕಾಲು ಚಿಕ್ಕವಾಗಿ ಎದೆಗೆ ಮಡಚಿಕೊಂಡಿರುತ್ತವೆ. ಹಾಗಾಗಿ ನಾಲ್ಕೇ ಕಾಲಿನ ಕೀಟದಂತೆ ಕಾಣುತ್ತದೆ. ನಡೆಯಲು ಬಾರದ ಆ ಪುಟ್ಟ ಕಾಲುಗಳಿಂದ ಹೆಣ್ಣು ಎಲೆಯನ್ನು ಬಡಿದು ರುಚಿ ನೋಡುತ್ತದೆ. ಎಕ್ಕದ ರುಚಿ ಸಿಕ್ಕರೆ ಹೊಟ್ಟೆಯನ್ನು ಬಾಗಿಸಿ ಎಲೆಯ ಅಡಿಗೆ ಒಂದು ಮೊಟ್ಟೆ ಅಂಟಿಸಿ ಹೋಗುತ್ತದೆ. ಒಂದು ಕಡೆ ಸಾಮಾನ್ಯವಾಗಿ ಒಂದೇ. ಸಾಸಿವೆಗಿಂತ ಸಣ್ಣ, ಬೆಳ್ಳಿಯಂತೆ ಬಿಳಿ, ಮೇಲಿಂದ ಕೆಳಗೆ ಗೀರುಗಳಿರುವ ಮೊಟ್ಟೆ.

ಮೂರು-ನಾಲ್ಕು ದಿನಕ್ಕೆ ಮೊಟ್ಟೆಯ ತುದಿ ಕಪ್ಪಾಗುತ್ತದೆ. ಒಳಗಿನ ಮರಿಯ ತಲೆ ಅದು. ಹೊರಬಂದ ಮರಿಯ ಮೊದಲ ಊಟ ತನ್ನದೇ ಮೊಟ್ಟೆಯ ಸಿಪ್ಪೆ. ಎರಡನೆಯ ಊಟ ಎಕ್ಕದ ಎಲೆ, ಮತ್ತು ಅಪಾಯ ಇರುವುದೂ ಅಲ್ಲಿಯೇ. ಆ ಮರಿಗೆ ಎಕ್ಕದ ವಿಷ ತಗಲುವುದಿಲ್ಲ, ಅಂಟು ತಗಲುತ್ತದೆ. ಎಲೆ ಕಚ್ಚಿದೊಡನೆ ಒತ್ತಡದಲ್ಲಿ ಉಕ್ಕಿ ಬರುವ ಹಾಲು ಗಾಳಿಗೆ ಗಟ್ಟಿಯಾಗುತ್ತದೆ. ನೂಲಿನೆಳೆಯಂಥ ಮರಿಯ ಬಾಯಿ ಅದರಲ್ಲಿ ಸಿಕ್ಕಿಕೊಂಡರೆ ಅಲ್ಲಿಗೆ ಮುಗಿಯಿತು. ಈ ಕುಲದ ಮರಿಗಳಲ್ಲಿ ಎಷ್ಟೋ ಸಾಯುವುದು ಹಾಲಿನಲ್ಲಿ ಮುಳುಗಿಯೇ. ಉಳಿಯುವ ಮರಿ ಮಾಡುವ ಕೆಲಸವನ್ನು ನಾನು ಭೂತಗನ್ನಡಿಯಲ್ಲಿ ನೋಡಿದ್ದೇನೆ. ಮೊದಲು ಎಲೆಯ ಮೇಲೆ ಬಿಲ್ಲಿನಾಕಾರದಲ್ಲಿ ಸ್ವಲ್ಪ ಸ್ವಲ್ಪವೇ ಕೆರೆಯುತ್ತದೆ. ಹಾಲು ಬಂದರೆ ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಹಾಲಿನ ನಾಳಗಳು ಆ ಗೀರಿನಲ್ಲಿ ಕಡಿದುಹೋಗಿ ಬಿಲ್ಲಿನ ಒಳಗಿನ ಎಲೆಗೆ ಹಾಲು ಬರುವುದು ನಿಂತಮೇಲೆ ನಿಶ್ಚಿಂತೆಯಿಂದ ಆ ತುಣುಕನ್ನು ತಿನ್ನುತ್ತದೆ. ಮೇಲಿನ ಮಡಿಗೆ ಒಡ್ಡು ಹಾಕಿ ಕೆಳಗಿನ ಮಡಿಯ ನೀರು ನಿಲ್ಲಿಸುವ ರೈತನ ಕೆಲಸವೇ ಇದು. ಬೆಳೆದ ಹುಳ ಇನ್ನೂ ಧೈರ್ಯಸ್ಥ. ಎಲೆಯ ನಡುನರವನ್ನೇ ಬುಡದ ಹತ್ತಿರ ಕಡಿದುಬಿಡುತ್ತದೆ. ಎಲೆ ಜೋತು ಬೀಳುತ್ತದೆ, ಹಾಲು ಕಡಿದಲ್ಲೇ ಸುರಿದು ಹೋಗುತ್ತದೆ. ಎಕ್ಕದ ಗಿಡದಲ್ಲಿ ಒಂದೆರಡು ಎಲೆ ಮಾತ್ರ ಬಾಡಿದಂತೆ ಜೋತಿದ್ದರೆ ಅದರ ಅಡಿಗೆ ಕಣ್ಣು ಹಾಯಿಸಿ, ಹುಳ ಅಲ್ಲಿಯೇ ಇರುವ ಸಂಭವ ಹೆಚ್ಚು.

ಎರಡು ವಾರದ ಆಸುಪಾಸಿನಲ್ಲಿ ಹುಳ ನಾಲ್ಕು ಸಲ ಚರ್ಮ ಬಿಡುತ್ತದೆ. ಅಷ್ಟು ದಿನ ಅದು ಮಾಡುವ ಕೆಲಸ ತಿನ್ನುವುದೊಂದೇ. ಅಡಗಿಕೊಳ್ಳುವ ಗೋಜೂ ಇಲ್ಲ. ಹಸಿರು ಎಲೆಯ ಮೇಲೆ ಹಸಿರಾಗಿ ಮರೆಯಾಗುವ ಬೇರೆ ಹುಳಗಳ ಹಾಗಲ್ಲದೆ, ಬಳೆಯಂಥ ಪಟ್ಟೆ ತೊಟ್ಟು ಹಗಲಲ್ಲೇ ತಿನ್ನುತ್ತ ಕೂರುತ್ತದೆ. ತಿಂದ ಎಲೆಯ ವಿಷವನ್ನು ಮೈಯಲ್ಲಿ ಕೂಡಿಡುವುದರಿಂದ ಬಂದ ಧೈರ್ಯ ಅದು.

ಆದರೂ ಶತ್ರುಗಳಿಲ್ಲವೆಂದಲ್ಲ. ಮನೆ ನೊಣಕ್ಕಿಂತ ತುಸು ದೊಡ್ಡದಾದ, ಮೈತುಂಬ ಬಿರುಗೂದಲಿರುವ ಟ್ಯಾಕಿನಿಡ್ ಜಾತಿಯ ನೊಣವೊಂದಿದೆ. ಅದರ ಮರಿಗಳು ಈ ಹುಳದ ಮೈಯೊಳಗೆ ಬೆಳೆದು, ಒಳಗಿಂದಲೇ ತಿಂದು ಮುಗಿಸಿ, ದಾರದಂಥ ಎಳೆ ಹಿಡಿದು ನೆಲಕ್ಕಿಳಿಯುತ್ತವೆ. ಗಾಜಿನ ಜಾಡಿಯಲ್ಲಿ ಹುಳ ಸಾಕಿ ಚಿಟ್ಟೆಗಾಗಿ ಕಾದು ಕುಳಿತ ಹುಡುಗನಿಗೆ ಒಂದು ಬೆಳಗ್ಗೆ ಜಾಡಿಯ ತಳದಲ್ಲಿ ನಾಲ್ಕು ಬಿಳಿ ಮರಿಗಳು ಕಂಡರೆ ಆಗುವ ಸಂಕಟ ನನಗೆ ಗೊತ್ತು. ಆ ಹುಡುಗ ನಾನೇ. ಈಗ ಆ ನೊಣದ ಮೇಲೆ ಸಿಟ್ಟಿಲ್ಲ. ಅದಿರದಿದ್ದರೆ ಬದುವಿನ ಎಕ್ಕಕ್ಕೆ ಎಲೆ ಉಳಿಯುತ್ತಿರಲಿಲ್ಲ.

ಬಲಿತ ಹುಳ ಒಂದು ದಿನ ತಿನ್ನುವುದನ್ನು ಬಿಟ್ಟು ಜಾಗ ಹುಡುಕುತ್ತದೆ. ಎಲೆಯಡಿಯಲ್ಲೋ ಕಡ್ಡಿಯ ಕೆಳಗೋ ರೇಷ್ಮೆಯ ಚಿಕ್ಕ ಗುಪ್ಪೆ ನೇಯ್ದು, ಹಿಂಗಾಲಿನಿಂದ ಅದನ್ನು ಹಿಡಿದು ತಲೆಕೆಳಗಾಗಿ ಕೊಕ್ಕೆಯಂತೆ ಜೋತು ಬೀಳುತ್ತದೆ. ಮರುದಿನ ಕೊನೆಯ ಚರ್ಮ ಕೆಳಗಿಂದ ಮೇಲಕ್ಕೆ ಕಾಲುಚೀಲದಂತೆ ಸುರುಳಿ ಸುತ್ತಿ ಕಳಚುತ್ತದೆ. ಆ ಚರ್ಮವನ್ನು ಉದುರಿಸುವ ಗಳಿಗೆಯಲ್ಲಿ ಹಿಡಿತ ಬದಲಿಸಬೇಕು. ಕೋಶದ ತುದಿಯಲ್ಲಿರುವ ಕೊಕ್ಕೆಗಳನ್ನು ರೇಷ್ಮೆಗೆ ಸಿಕ್ಕಿಸಬೇಕು. ತಪ್ಪಿದರೆ ನೆಲಕ್ಕೆ. ನೋಡುತ್ತಿದ್ದರೆ ನಮ್ಮ ಉಸಿರೇ ನಿಲ್ಲುತ್ತದೆ. ಕೋಶ ಹಸಿರೆಲೆಯ ನಡುವೆ ಹಸಿರಾಗಿ, ಒಣ ಕಡ್ಡಿಯ ಮೇಲೆ ತಿಳಿ ಗುಲಾಬಿಯಾಗಿ ಇರುವುದುಂಟು. ನಯವಾದ ಮೈ, ಮೇಲೆ ಚಿನ್ನದ ಬಣ್ಣದ ಚುಕ್ಕಿ. ಒಂದು ವಾರ, ಚಳಿಯಲ್ಲಿ ಇನ್ನೂ ಕೆಲವು ದಿನ. ಕೊನೆಗೆ ಕೋಶ ತೆಳುವಾಗಿ ಒಳಗಿನ ಕೇಸರಿ ರೆಕ್ಕೆ ಹೊರಗಿಂದಲೇ ಕಾಣುತ್ತದೆ. ಮೊಟ್ಟೆಯಿಂದ ರೆಕ್ಕೆಯವರೆಗೆ ಹೆಚ್ಚುಕಡಿಮೆ ಒಂದು ತಿಂಗಳು.

ಇಷ್ಟು ವಿವರ ನಮಗೆ ತಿಳಿದಿರುವುದಕ್ಕೆ ಕನ್ನಡ ನೆಲದಲ್ಲೇ ಕೆಲಸ ಮಾಡಿದ ಒಬ್ಬರನ್ನು ನೆನೆಯಬೇಕು. ಐರ್ಲೆಂಡಿನಲ್ಲಿ ಹುಟ್ಟಿ ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು 1948ರಲ್ಲಿ ತೀರಿಕೊಂಡರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1909ರಿಂದ ಹಲವು ವರ್ಷ ಅವರು ಭಾರತದ ಬಯಲು ಸೀಮೆಯ ಸಾಮಾನ್ಯ ಚಿಟ್ಟೆಗಳ ಬಗ್ಗೆ ಲೇಖನಮಾಲೆ ಬರೆದರು. ಮೊಟ್ಟೆ, ಹುಳ, ಕೋಶ, ಯಾವ ಹುಳಕ್ಕೆ ಯಾವ ಗಿಡ, ಎಲ್ಲವನ್ನೂ ಮನೆಯಲ್ಲಿ ಸಾಕಿ ನೋಡಿ ಬರೆದದ್ದು. ಅಪರೂಪದ ಚಿಟ್ಟೆಗೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವುದೇ ದೊಡ್ಡ ಕೆಲಸವೆನಿಸಿದ್ದ ಕಾಲದಲ್ಲಿ, ಸಾಮಾನ್ಯ ಚಿಟ್ಟೆಯ ಬಾಲ್ಯವನ್ನು ಕೂತು ನೋಡಿದ ಆ ತಾಳ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ.

ರೆಕ್ಕೆ ಬಂದಮೇಲೆ ಎಲೆ ತಿನ್ನುವ ಬಾಯಿ ಇಲ್ಲ, ಮಕರಂದ ಹೀರುವ ಸುರುಳಿ ನಾಲಿಗೆ ಮಾತ್ರ. ಹುಳವಾಗಿದ್ದಾಗ ಕೂಡಿಟ್ಟ ವಿಷ ಮೈಯಲ್ಲಿ ಉಳಿದಿರುತ್ತದೆ. ಇದರ ಹಾರಾಟ ನೋಡಿ, ಗಾಬರಿ ಎಂಬುದೇ ಇಲ್ಲ. ಹಕ್ಕಿ ಹಿಡಿದರೂ ಇದರ ಮೈ ತೊಗಲಿನಂತೆ ಗಟ್ಟಿ, ಸತ್ತಂತೆ ಬಿದ್ದಿದ್ದು ಬಿಟ್ಟ ಮೇಲೆ ಹಾರಿಹೋಗುತ್ತದೆ. ಇದೇ ಕುಲದ ಮೊನಾರ್ಕ್ ಚಿಟ್ಟೆಯನ್ನು 1960ರ ದಶಕದಲ್ಲಿ ಅಮೆರಿಕದ ಲಿಂಕನ್ ಬ್ರೋವರ್ ನೀಲಿ ಜೇ ಹಕ್ಕಿಗೆ ತಿನ್ನಿಸಿ ನೋಡಿದರು. ತಿಂದ ಹಕ್ಕಿ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿತು, ಆಮೇಲೆ ಆ ಬಣ್ಣ ಕಂಡರೇ ಮುಟ್ಟಲಿಲ್ಲ. ಎಲ್ಲ ಚಿಟ್ಟೆಯಲ್ಲೂ ವಿಷ ಒಂದೇ ಅಳತೆಯಲ್ಲಿ ಇರುವುದಿಲ್ಲ. ಆದರೂ ಹಿಂದಿನ ಚಿಟ್ಟೆ ಕಲಿಸಿದ ಪಾಠ ಮುಂದಿನದನ್ನು ಕಾಯುತ್ತದೆ.

ಆ ಪಾಠದ ಲಾಭ ಪಡೆಯುವ ಇನ್ನೊಂದು ಚಿಟ್ಟೆ ನಮ್ಮ ಬಯಲಿನಲ್ಲಿದೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಡ್ಯಾನೈಡ್ ಎಗ್‌ಫ್ಲೈ ಎಂಬ ಜಾತಿಯಲ್ಲಿ ಗಂಡು ಕಪ್ಪು ಮಖಮಲ್ಲಿನಂತೆ, ಅದರ ಮೇಲೆ ನೀಲಿ ಹೊಳಪಿನ ಅಂಚಿರುವ ದೊಡ್ಡ ಬಿಳಿ ಬೊಟ್ಟುಗಳು. ಹೆಣ್ಣಿಗೂ ಗಂಡಿಗೂ ಸಂಬಂಧವೇ ಇಲ್ಲವೆನ್ನುವಷ್ಟು ವ್ಯತ್ಯಾಸ. ಹೆಣ್ಣು ಥೇಟ್ ಎಕ್ಕದ ಪಾತರಗಿತ್ತಿ. ಅದೇ ಕೇಸರಿ, ಅದೇ ಕಪ್ಪು ತುದಿ, ಅದೇ ಬಿಳಿ ಚುಕ್ಕಿ, ಹಾರುವುದು ಕೂಡ ಅದೇ ನಿಧಾನದಲ್ಲಿ. ಅದರ ಹುಳ ತಿನ್ನುವುದು ನಮ್ಮ ಹೊಲದಲ್ಲಿ ತಾನಾಗಿ ಬೆಳೆಯುವ ಗೋಳಿ ಪಲ್ಯ. ನಾವು ಬೇಳೆಯೊಂದಿಗೆ ಬೇಯಿಸಿ ರೊಟ್ಟಿಯ ಜೊತೆ ಉಣ್ಣುವ ಸೊಪ್ಪು, ವಿಷವಿಲ್ಲ. ವಿಷವಿಲ್ಲದ ಮೈಗೆ ವಿಷದ ಅಂಗಿ. ಗುರುತಿಸಬೇಕೆಂದರೆ ಹಿಂದಿನ ರೆಕ್ಕೆ ನೋಡಿ. ಎಕ್ಕದ ಪಾತರಗಿತ್ತಿಯ ಹಿಂದಿನ ರೆಕ್ಕೆಯ ನಡುವೆ ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು ಕಪ್ಪು ಚುಕ್ಕಿ. ವೇಷಧಾರಿಗೆ ಮೇಲಂಚಿನ ಹತ್ತಿರ ಒಂದೇ. ಅಮೆಜಾನ್ ಕಾಡಿನಲ್ಲಿ ಹನ್ನೊಂದು ವರ್ಷ ಅಲೆದ ಹೆನ್ರಿ ವಾಲ್ಟರ್ ಬೇಟ್ಸ್ ಇಂಥ ವೇಷವನ್ನು 1862ರಲ್ಲಿ ಮೊದಲ ಬಾರಿಗೆ ವಿವರಿಸಿದ, ಡಾರ್ವಿನ್ ಆಗಷ್ಟೇ ಮುಂದಿಟ್ಟಿದ್ದ ವಿಕಾಸವಾದಕ್ಕೆ ಅದು ಗಟ್ಟಿ ಸಾಕ್ಷಿಯಾಯಿತು. ಈ ವೇಷ ನಡೆಯಬೇಕಾದರೆ ಅಸಲು ಚಿಟ್ಟೆ ಸಾಕಷ್ಟಿರಬೇಕು. ಎಳೆ ಹಕ್ಕಿ ಮೊದಲು ಅಸಲನ್ನೇ ಹಿಡಿದು ಬಾಯಿ ಕಹಿ ಮಾಡಿಕೊಳ್ಳಬೇಕು. ಅಂದರೆ ಗೋಳಿ ಪಲ್ಯ ಎಷ್ಟೇ ಇರಲಿ, ಎಕ್ಕ ಇಲ್ಲದ ಬಯಲಿನಲ್ಲಿ ಎಗ್‌ಫ್ಲೈಗೂ ಕಷ್ಟ.

ಗಂಡು ಎಕ್ಕದ ಪಾತರಗಿತ್ತಿಗೆ ಇನ್ನೂ ಒಂದು ಗಿಡ ಬೇಕು. ಅದರ ಹಿಂದಿನ ರೆಕ್ಕೆಯ ನಾಲ್ಕನೆಯ ಚುಕ್ಕಿ ಗಂಧದ ಚೀಲ. ಹೆಣ್ಣನ್ನು ಒಲಿಸುವ ಗಂಧವನ್ನು ಅದು ತಾನಾಗಿ ಮಾಡಿಕೊಳ್ಳಲಾರದು. ಬೇಕಾದ ಸಸ್ಯಕ್ಷಾರವನ್ನು ಚೇಳಿನ ಬಾಲದಂತೆ ಸುರುಳಿ ಹೂಗೊಂಚಲಿರುವ ಚೇಳುಕೊಂಡಿ ಗಿಡದಿಂದ, ಸೆಣಬಿನ ಜಾತಿಯ ಗಿಡಗಳಿಂದ ಹೀರಿ ತರಬೇಕು. ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿದ ಹೊಲವಿದ್ದರೆ ಅದರ ಒಣಗಿದ, ಜಜ್ಜಿದ ಎಲೆಗೆ ಈ ಚಿಟ್ಟೆಗಳು ಮುತ್ತಿಕೊಳ್ಳುವುದನ್ನು ಅಲ್ಲಿ ನೋಡಬಹುದು. ಹೂವಿನ ಮಕರಂದಕ್ಕೆ ಬದುವಿನ ಟ್ರೈಡಾಕ್ಸ್, ಒಂಟಿ ಕಾಲಿನ ಮೇಲೆ ಪುಟ್ಟ ಹಳದಿ ಹೂ ಬಿಡುವ, ಗಾಯಕ್ಕೆ ಹಿಂಡುವ ಗಿಡ.

ಲೆಕ್ಕ ಹಾಕಿ. ಮೊಟ್ಟೆ, ಹುಳಕ್ಕೆ ಎಕ್ಕ. ಹೊಟ್ಟೆಗೆ ಟ್ರೈಡಾಕ್ಸ್. ಮದುವೆಗೆ ಚೇಳುಕೊಂಡಿ ಅಥವಾ ಸೆಣಬು. ಅದರ ನೆರಳಿನಲ್ಲಿ ಬದುಕುವ ಎಗ್‌ಫ್ಲೈಗೆ ಗೋಳಿ. ಇವುಗಳಲ್ಲಿ ಸೆಣಬೊಂದನ್ನು ಬಿಟ್ಟರೆ ಉಳಿದ ಎಲ್ಲವೂ ರೈತರ ಬಾಯಲ್ಲಿ ಕಸ, ಸರ್ಕಾರದ ಕಡತದಲ್ಲಿ ಅವು ಬೆಳೆಯುವ ನೆಲ ಬಂಜರು. ದೇಶದ ಬಂಜರು ಭೂಮಿಯ ನಕಾಶೆ ಮಾಡುವಾಗ ಕುರುಚಲು ಇರುವ ಬಯಲನ್ನೂ ಆ ಲೆಕ್ಕಕ್ಕೇ ಸೇರಿಸುತ್ತಾರೆ. ಕೃಷ್ಣಮೃಗ ಮೇಯುವ ಬೀದರಿನ ಹುಲ್ಲುಗಾವಲಿಗೂ ಆ ಹೆಸರು ಸಲ್ಲದು. ಬಂಜರು ಎಂದು ಬರೆದ ಮೇಲೆ ಅದನ್ನು ಯಾವುದಕ್ಕಾದರೂ ಕೊಡಬಹುದು, ಗುಂಡಿ ತೋಡಿ ಗಿಡ ನೆಟ್ಟು ಹಸಿರು ಮಾಡಿದೆವು ಎನ್ನಬಹುದು. ಕರ್ನಾಟಕದ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇವಿಗೆ ಮೀಸಲಿರಬೇಕು. ನಿಮ್ಮ ಊರಿನಲ್ಲಿ ಅಷ್ಟು ಉಳಿದಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ ನೋಡಿ.

ಹೊಲದ ಕಡೆಯದು ಬೇರೆಯೇ ಕಥೆ. ಬೀದರ್ ಜಿಲ್ಲೆಯ ಮುಂಗಾರಿನಲ್ಲಿ ಈಗ ಸೋಯಾ ದೊಡ್ಡ ಬೆಳೆ. ಹೆಸರು, ಉದ್ದು, ಜೋಳ ಇದ್ದ ಎಷ್ಟೋ ಹೊಲಕ್ಕೆ ಅದು ಬಂದಿದೆ. ಕೂಲಿ ಸಿಗದಾಗ ಕಳೆನಾಶಕದ ಎಣ್ಣೆ ಹೊಡೆಯುವುದು ರೈತನಿಗೆ ಅನಿವಾರ್ಯ, ಅವರನ್ನು ದೂರಲು ನನಗೆ ಬಾಯಿಲ್ಲ. ಆದರೆ ಅಮೆರಿಕದಲ್ಲಿ ಆದದ್ದನ್ನು ಹೇಳಬೇಕು. ಅಲ್ಲಿನ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಕಳೆನಾಶಕ ತಡೆಯುವ ಕುಲಾಂತರಿ ಸೋಯಾ, ಮೆಕ್ಕೆಜೋಳ ಬಂದ ಮೇಲೆ ಹೊಲದೊಳಗಿದ್ದ ಮಿಲ್ಕ್‌ವೀಡ್, ಅಂದರೆ ನಮ್ಮ ಎಕ್ಕದ ದಾಯಾದಿ, ಬಹುತೇಕ ಇಲ್ಲವಾಯಿತು. 1999ರಿಂದ 2010ರೊಳಗೆ ಆ ಸೀಮೆಯ ಮಿಲ್ಕ್‌ವೀಡ್ ಶೇ 58ರಷ್ಟು ಕಡಿಮೆಯಾಯಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ಅಲ್ಲಿ ಹುಟ್ಟುತ್ತಿದ್ದ ಮೊನಾರ್ಕ್ ಚಿಟ್ಟೆಗಳು ಶೇ 81ರಷ್ಟು ಇಳಿದವು. ಕೋಟಿಗಟ್ಟಲೆ ಇದ್ದ ಚಿಟ್ಟೆ ಅದು, ಯಾರೂ ಅದರ ಚಿಂತೆ ಮಾಡುವ ಅಗತ್ಯವೇ ಇರಲಿಲ್ಲ.

ನಮ್ಮಲ್ಲಿ ಅಂಥ ಸೋಯಾ ತಳಿಗೆ ಬೇಸಾಯದ ಅನುಮತಿ ಇಲ್ಲ. ಎಕ್ಕವೂ ಮಿಲ್ಕ್‌ವೀಡಿನಂತೆ ಬೆಳೆಯ ನಡುವಿನ ಗಿಡವಲ್ಲ, ಬದುವಿನದು, ರಸ್ತೆ ಬದಿಯದು. ಎಕ್ಕದ ಪಾತರಗಿತ್ತಿ ಅಳಿವಿನಂಚಿನಲ್ಲೂ ಇಲ್ಲ. ಈಜಿಪ್ಟಿನಲ್ಲಿ ನೆಬಮುನ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲೆ ಕ್ರಿಸ್ತಪೂರ್ವ 1350ರ ಸುಮಾರಿಗೆ ಬರೆದ ಬೇಟೆಯ ಚಿತ್ರದಲ್ಲಿ ಇದೇ ಚಿಟ್ಟೆ ಹಾರುತ್ತಿದೆ. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆ ಚಿತ್ರದಲ್ಲಿ ಕಪ್ಪು ತುದಿ, ಬಿಳಿ ಚುಕ್ಕಿ ಎಲ್ಲ ಇಂದಿಗೂ ಸ್ಪಷ್ಟ. ಮೂರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಮನುಷ್ಯರ ಹೊಲದಂಚಿನಲ್ಲಿ ಬದುಕಿದ ಜೀವ ಇದು. ಅದು ಕೇಳುವುದು ಹೊಲದ ಒಳಗಿನ ಜಾಗವನ್ನಲ್ಲ, ಅಂಚನ್ನು. ಆ ಅಂಚಿಗೂ ಈಗ ಎಣ್ಣೆಯ ಪಂಪು ತಿರುಗುತ್ತಿದೆ, ಜೆಸಿಬಿ ಬರುತ್ತಿದೆ. ಬದುವಿಗೆ ಎಣ್ಣೆ ಹೊಡೆಯುವುದರಿಂದ ಸೋಯಾದ ಒಂದು ಕಾಳೂ ಹೆಚ್ಚಾಗುವುದಿಲ್ಲ.

ಬರುವ ಎಳ್ಳಮಾವಾಸ್ಯೆಗೆ ಬೀದರ್, ಭಾಲ್ಕಿ, ಔರಾದದ ಪೇಟೆಯವರೆಲ್ಲ ಹೊಲಕ್ಕೆ ಹೋಗುತ್ತೀರಿ. ಜೋಳದ ದಂಟಿನ ಗುಡಿಸಲು ಕಟ್ಟಿ, ಐದು ಕಲ್ಲು ಪಾಂಡವರನ್ನಿಟ್ಟು ಪೂಜಿಸಿ, ಚರಗ ಚೆಲ್ಲಿ, ಭಜ್ಜಿ-ಅಂಬಲಿ ಉಣ್ಣುತ್ತೀರಿ. ಉಂಡಾದ ಮೇಲೆ ಮಕ್ಕಳ ಕೈ ಹಿಡಿದು ಬದುವಿನ ಎಕ್ಕದ ಹತ್ತಿರ ಹೋಗಿ. ಅದು ಡಿಸೆಂಬರ್-ಜನವರಿಯ ಚಳಿ, ಬಿಸಿಲೇರಿದ ಮೇಲೆಯೇ ಚಿಟ್ಟೆ ಹಾರುವುದು, ಮಧ್ಯಾಹ್ನವೇ ಸರಿಯಾದ ಹೊತ್ತು. ಜೋತುಬಿದ್ದ ಎಲೆಯ ಅಡಿಗೆ ನೋಡಿ. ಬಳೆ ತೊಟ್ಟ ಹುಳ ಕಂಡರೆ ಮುಟ್ಟದೆ ಬಿಡಿ, ಹೊಲ ನೋಡಿಕೊಳ್ಳುವವರಿಗೆ ಆ ಗಿಡವೊಂದನ್ನು ಕಡಿಯಬೇಡಿ ಎಂದು ಹೇಳಿ ಬನ್ನಿ.